ಠರಾವಿನ ಪುಸ್ತಕದಲ್ಲಿ ನನ್ನ ಸಹಿ

ಹೋದ ತಿಂಗಳು ಗಂಗಾವತಿಯ ನಿಮ್ಮ ಮನೆಯಲ್ಲಿ ನಡೆದದ್ದನ್ನು ಮೊಮ್ಮಕ್ಕಳಾದ ನೀವಿಬ್ಬರೂ ಮರೆತಿರಲಿಕ್ಕಿಲ್ಲ. ಮೊಮ್ಮಗಳು ಶಾಲೆಯಿಂದ ಒಂದು ಹಾಳೆ ತಂದಿದ್ದಳು. ಶಾಲೆಯಲ್ಲಿ ಹುಡುಗಿಯರಿಗೂ ಹುಡುಗರಿಗೂ ಭೇದ ಮಾಡುವಂತಿಲ್ಲ, ಮಾಡಿದರೆ ಪಾಲಕರು ಯಾರಿಗೆ ಹೇಳಬೇಕು, ಹೇಗೆ ಬರೆದು ಕೊಡಬೇಕು ಎಂದೆಲ್ಲ ಅಚ್ಚು ಹಾಕಿದ ಹಾಳೆ. ಕೆಳಗೆ ‘ಓದಿ ತಿಳಿದುಕೊಂಡಿದ್ದೇನೆ’ ಎಂದು ಬರೆದು ಸಹಿಗೆ ಜಾಗ ಬಿಟ್ಟಿದ್ದರು. ನಿಮ್ಮ ಅವ್ವ ಹಾಲು ತರಲು ಹೋಗಿದ್ದಳು. “ಅಜ್ಜಿ, ನೀನ ಮಾಡಿಬಿಡು, ಆಟೋ ಬರೂ ಹೊತ್ತಾತು” ಎಂದು ಮೊಮ್ಮಗಳು ನನ್ನ ಕೈಗೆ ಪೆನ್ನು ಕೊಟ್ಟಳು.

ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ, ಅಷ್ಟೆ. ನಿಮ್ಮ ಅವ್ವ ಬಾಗಿಲಲ್ಲಿ ಬಂದವಳು ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ಹಾಳೆಯನ್ನು ಕಸಿದುಕೊಂಡಳು. “ನೀ ಯಾವುದಕ್ಕೂ ಸಹಿ ಮಾಡಬ್ಯಾಡ ಅಂತ ಎಷ್ಟ ಸಲ ಹೇಳಬೇಕವ್ವ?” ಎಂದಳು. ಮೊಮ್ಮಗ ನಕ್ಕ. “ಅಜ್ಜಿ ಏನ್ ಕಳ್ಳ ಸಹಿ ಮಾಡಿ ಜೈಲಿಗೆ ಹೋಗಿ ಬಂದಾಳೇನು?” ಎಂದ. ನಾನು ಪೆನ್ನಿಗೆ ಮುಚ್ಚಳ ಹಾಕಿ ಹಿತ್ತಲಿಗೆ ಹೋದೆ.

ಅವನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಬಾಯಿಂದ ಹೇಳಲು ನನಗೆ ಆಗುವುದಿಲ್ಲ. ಬರೆಯುವಾಗ ಮಾತ್ರ ನನಗೆ ನಾಚಿಕೆ ಕಡಿಮೆ.

ನಾನು ಹುಟ್ಟಿದ್ದು ಮರಳಿಯಲ್ಲಿ, ಕಾಲುವೆಯ ನೀರು ಕಂಡ ಊರಿನಲ್ಲಿ. ಅಲ್ಲಿಯ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತೆ. ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ನಾನು ಎದ್ದು ನಿಲ್ಲುತ್ತಿರಲಿಲ್ಲ. ಆದರೆ ನನ್ನ ಅಕ್ಷರ ದುಂಡಗಿದ್ದವು. ಪಾಟಿಯ ಮೇಲೆ ನನ್ನ ಹೆಸರು ಬರೆಸಿ ಮಾಸ್ತರರು ಇಡೀ ತರಗತಿಗೆ ತೋರಿಸುತ್ತಿದ್ದರು. ನನ್ನ ಬಗ್ಗೆ ಯಾರಾದರೂ ಹೊಗಳಿ ಮಾತಾಡಿದ್ದು ಇದ್ದರೆ ಅದೊಂದೇ. ಮುಂದೆ ಯಲಬುರ್ಗಾ ತಾಲೂಕಿನ ಎರೆ ಹೊಲದ ಒಂದು ಊರಿಗೆ ನನ್ನನ್ನು ಕೊಟ್ಟರು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಇನ್ನೂ ನಮ್ಮವರಿದ್ದಾರೆ.

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಹೊಸ ಜಿಲ್ಲೆ ಆದ ವರ್ಷ ನಿಮ್ಮ ಅಜ್ಜ ತೀರಿಕೊಂಡರು. ನಿಮ್ಮ ಅವ್ವನಿಗೆ ಆಗ ಆರು ವರ್ಷ. ಅದೇ ವರ್ಷ ಅವಳನ್ನು ಒಂದನೆಯ ತರಗತಿಗೆ ಹಾಕಿದೆ. ಒಂದೇ ಮನೆಯ ಮುಂಭಾಗದಲ್ಲಿ ನನ್ನ ಭಾವ, ಎಂದರೆ ನಿಮ್ಮ ಅಜ್ಜನ ಅಣ್ಣ, ತಮ್ಮ ಸಂಸಾರದೊಂದಿಗೆ ಇದ್ದರು. ಹಿಂದಿನ ಎರಡು ಖೋಲಿ ನಮಗೆ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ಬಾಯಿ ತೆರೆಯುವುದಿಲ್ಲ. ಅವರು ಅಂಗಳದಲ್ಲಿದ್ದರೆ ನಾನು ಸೆರಗು ಹೊದ್ದು ಗೋಡೆಯ ಪಕ್ಕ ನಿಲ್ಲಬೇಕು. ಏನು ಹೇಳುವುದಿದ್ದರೂ ಮಗಳ ಮುಖಾಂತರ. ಅವರು “ನಿಮ್ಮವ್ವಗ ಹೇಳು” ಎಂದು ಶುರು ಮಾಡುತ್ತಿದ್ದರು. ನಾನು ಎರಡು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಿದ್ದೆ. ಮಗಳು ಅದನ್ನೇ ಇನ್ನೊಮ್ಮೆ ನನಗೆ ಹೇಳುತ್ತಿದ್ದಳು. ನಾನು ಅವಳ ಕಿವಿಯಲ್ಲಿ ಉತ್ತರ ಹೇಳುತ್ತಿದ್ದೆ. ಹೀಗೆ ಹತ್ತು ಹನ್ನೆರಡು ವರ್ಷ ಒಂದೇ ಸೂರಿನಡಿ ಬದುಕಿದೆವು. ಅವರು ಕೆಟ್ಟವರಲ್ಲ. ಹೊಲದ ಜೋಳ, ಕಡಲೆ ಸರಿಪಾಲು ಮಾಡಿ ನಮ್ಮ ಬಾಗಿಲಿಗೆ ತಂದು ಹಾಕುತ್ತಿದ್ದರು.

ನಿಮ್ಮ ಅವ್ವ ಒಂಬತ್ತನೆಯ ತರಗತಿ ಮುಗಿಸಿದಾಗ ಅವರು ಒಂದು ಮಾತು ಹೇಳಿದರು. “ನಿಮ್ಮವ್ವಗ ಹೇಳು. ಹತ್ತನೇತ್ತ ಪಾಸಾದ್ರ ಕುಷ್ಟಗಿಗೆ ಕಾಲೇಜಿಗೆ ಕಳಸೂನು, ಅಲ್ಲಿ ನಮ್ಮ ಅಕ್ಕನ ಮನಿ ಐತಿ, ಇರಾಕ ತೊಂದ್ರಿ ಇಲ್ಲ. ಫೇಲಾದ್ರ ಲಗ್ನ. ಆಮ್ಯಾಲ ಯಾರೂ ಅತ್ತುಕೋತ ಕುಂದರಬಾರದು.” ಮಗಳು ತಿರುಗಿ ನನಗೆ ಹೇಳುವಾಗ ‘ಫೇಲಾದ್ರ’ ಎಂಬುದನ್ನು ಹೇಳಲೇ ಇಲ್ಲ. “ಕುಷ್ಟಗಿಗೆ ಕಳಸ್ತಾರಂತವ್ವ” ಎಂದಷ್ಟೇ ಹೇಳಿ ಕುಣಿದಳು.

ಈಗ ಸಹಿಯ ಮಾತು. ಊರಿನ ಹೈಸ್ಕೂಲಿಗೆ ಒಂದು ಶಾಲಾ ಸಮಿತಿ ಇತ್ತು. ಅದರಲ್ಲಿ ಹೆಣ್ಣುಮಕ್ಕಳೂ ಇರಬೇಕು ಎಂದು ನಿಯಮ. ಮಾತಾಡುವ ಹೆಂಗಸರು ಊರಲ್ಲಿ ಬೇಕಾದಷ್ಟಿದ್ದರು. ಹೆಡ್ ಮಾಸ್ತರರು ನನ್ನನ್ನು ಆರಿಸಿದರು. ನನಗೆ ಸಹಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವರಿಗೆ ಅಂಥವಳೇ ಬೇಕಾಗಿತ್ತು ಎಂದು ನನಗೆ ಆಗ ತಿಳಿಯಲಿಲ್ಲ. ಸಂತೋಷವೇ ಆಗಿತ್ತು.

ಗಂಡಸರು ಕೂಡುವಲ್ಲಿ ನಾನು ಹೋಗುವುದಿಲ್ಲವೆಂದು ಠರಾವಿನ ಪುಸ್ತಕವೇ ಮನೆಗೆ ಬರುತ್ತಿತ್ತು. ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಬರೆದಿಡುವ ಉದ್ದನೆಯ ಪುಸ್ತಕ ಅದು, ಕೆಂಪು ಬಟ್ಟೆಯ ರಟ್ಟಿನದು. ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವಾಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. “ಇಲ್ಲಿ ಗೀಟು ಹಾಕ್ಯಾರ ನೋಡ್ರಿ ಅಕ್ಕಾರ, ಅಲ್ಲೇ ಮಾಡಬೇಕಂತ” ಎನ್ನುವಳು. ಹಾಳೆಯ ಕೆಳತುದಿಯಲ್ಲಿ ಪೆನ್ಸಿಲಿನಿಂದ ಸಣ್ಣ ಗೀಟು ಎಳೆದಿರುತ್ತಿದ್ದರು. ಎಷ್ಟೋ ಸಲ ಗೀಟಿನ ಮೇಲೆ ಹಾಳೆ ಪೂರಾ ಖಾಲಿ ಇರುತ್ತಿತ್ತು. “ಏನೂ ಬರದಿಲ್ಲಲ್ಲ?” ಎಂದು ಮೊದಲ ಸಲ ಕೇಳಿದ್ದೆ. “ಆಮ್ಯಾಲ ಬರ್ಕೋತಾರಂತ್ರಿ. ಸರ್‌ಗೆ ಭಾಳ ಕೆಲಸ ಐತಿ” ಎಂದಳು. ಮರುಸಲದಿಂದ ಅದನ್ನೂ ಕೇಳುವುದು ಬಿಟ್ಟೆ. ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈ ತೊಳೆದು, ಒರೆಸಿಕೊಂಡು, ದುಂಡನೆಯ ಅಕ್ಷರದಲ್ಲಿ ನಿಧಾನವಾಗಿ ನನ್ನ ಹೆಸರು ಬರೆಯುತ್ತಿದ್ದೆ. ಆಕೆ ಊದಿ ಒಣಗಿಸುತ್ತಿದ್ದಳು. “ಮುತ್ತು ಪೋಣಿಸಿದಂಗ ಐತಿ ನೋಡ್ರಿ” ಎನ್ನುತ್ತಿದ್ದಳು. ನನಗೆ ಅದನ್ನು ಕೇಳುವ ಆಸೆ. ಸುಳ್ಳು ಹೇಳುವುದಿಲ್ಲ, ಪುಸ್ತಕ ಬಹಳ ದಿನ ಬರದಿದ್ದರೆ ನಾನು ದಾರಿ ನೋಡುತ್ತಿದ್ದೆ.

ನಿಮ್ಮ ಅವ್ವ ಹತ್ತನೆಯ ತರಗತಿಗೆ ಬಂದ ವರ್ಷ ದಸರೆ ರಜೆ ಮುಗಿದ ಕೂಡಲೇ ಗಣಿತದ ವಿಶೇಷ ತರಗತಿ ಶುರುವಾಯಿತು. ಹೆಡ್ ಮಾಸ್ತರರೇ ಗಣಿತ ಕಲಿಸುವವರು. ಸಂಜೆ ಐದರಿಂದ ಏಳರವರೆಗೆ, ಹುಡುಗರಿಗೆ ಮಾತ್ರ. ನಿಮ್ಮ ಅವ್ವನಿಗೆ ಬೇರೆ ವಿಷಯಗಳಲ್ಲಿ ಚಿಂತೆ ಇರಲಿಲ್ಲ. ಗಣಿತದ ಪುಸ್ತಕ ಅರ್ಧಕ್ಕೇ ನಿಂತಿತ್ತು, ಉಳಿದ ಅರ್ಧವನ್ನು ಅವರು ಆ ಸಂಜೆಯ ತರಗತಿಯಲ್ಲಿ ಮುಗಿಸುತ್ತಿದ್ದರು. ಹಗಲಲ್ಲಿ ಆ ಪಾಠ ಬಂದರೆ “ಅದು ಆಗೇತಿ” ಎಂದು ಮುಂದೆ ಹೋಗುತ್ತಿದ್ದರು. ಹುಡುಗರಿಗೆ ಆಗಿತ್ತು.

ನಮಗೂ ಹೇಳಿಕೊಡಿ ಎಂದು ಅವಳು ಅವರನ್ನು ಕೇಳಿಯೇಬಿಟ್ಟಳು. ಬಂದು ನನ್ನ ಮುಂದೆ ಅವರ ಹಾಗೆ ಹುಬ್ಬು ಗಂಟಿಕ್ಕಿ ಮಾತಾಡಿ ತೋರಿಸಿದಳು. “‘ಸಂಜಿಮುಂದ ನಿಮ್ಮನ್ನ ಕುಂದರಿಸಿಕೊಂಡು, ನಾಳೆ ಏನರ ಹೆಚ್ಚು ಕಡಿಮಿ ಆದ್ರ ಯಾರು ಹೊಣಿ?’ ಅಂದ್ರು. ‘ಹಂಗಾರ ಮುಂಜಾನಿ ತಗೋರಿ ಸರ್, ಎಂಟಕ್ಕ ಬರ್ತೀವಿ’ ಅಂದೆ. ‘ಮುಂಜಾನಿ ಕಸ ಹೊಡಿಯೋರು ಯಾರು, ನಿಮ್ಮಪ್ಪನಾ?’ ಅಂದ್ರವ್ವ.”

ಅಪ್ಪನಿಲ್ಲದ ಹುಡುಗಿಗೆ ಹಾಗೆ ಹೇಳಿದ್ದರು. ನನಗೆ ಮೈ ಉರಿಯಿತು. ಆದರೂ ನಾನು ಹೇಳಿದ್ದು “ಹೋಗ್ಲಿ ಬಿಡವಾ, ದೊಡ್ಡೋರು” ಎಂದು.

ಕಸ ಹೊಡೆಯುವುದು ಹುಡುಗಿಯರ ಕೆಲಸವಾಗಿತ್ತು. ನೀರು ತುಂಬುವುದು, ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುವುದು, ಯಾರಾದರೂ ಸಾಹೇಬರು ಬಂದರೆ ಚಹಾ ಕೊಡುವುದು, ಎಲ್ಲ ಅವರದೇ. ದಿನಕ್ಕಿಬ್ಬರಂತೆ ಪಾಳಿ. ಒಂದು ಮುಂಜಾನೆ ನಿಮ್ಮ ಅವ್ವ ಹೆಡ್ ಮಾಸ್ತರರ ಖೋಲಿಯ ಕಸ ಹೊಡೆಯುವಾಗ ಅಲ್ಮೇರಾದ ಕೆಳಗಿಂದ ಪೊರಕೆಗೆ ಒಂದು ಕಾಗದ ಬಂತು. ಸರಕಾರದ ಸುತ್ತೋಲೆ. ಶಾಲೆಯಲ್ಲಿ ಹುಡುಗಿಯರಿಗೇ ಎಂದು ಕೆಲಸ ಹಚ್ಚಬಾರದು, ಯಾವ ತರಗತಿಯಿಂದಲೂ ಅವರನ್ನು ಹೊರಗಿಡಬಾರದು, ಇದನ್ನು ಪಾಲಕರ ಸಭೆ ಕರೆದು ಓದಿ ಹೇಳಬೇಕು, ದೂರು ಇದ್ದರೆ ಮುಖ್ಯೋಪಾಧ್ಯಾಯರಿಗೆ, ಅವರು ಕೇಳದಿದ್ದರೆ ತಾಲೂಕಿನ ಶಿಕ್ಷಣ ಕಚೇರಿಗೆ ಬರೆದು ಕೊಡಬಹುದು. ಅದರಲ್ಲಿದ್ದದ್ದು ಇಷ್ಟು. ಗೆಳತಿಯನ್ನು ಬಾಗಿಲಲ್ಲಿ ಕಾಯಲು ನಿಲ್ಲಿಸಿ, ನೆಲದ ಮೇಲೆ ಕೂತು, ಇಡೀ ಕಾಗದವನ್ನು ಗಣಿತದ ರಫ್ ನೋಟಿನಲ್ಲಿ ಬರೆದುಕೊಂಡಳು. ಮೂಲವನ್ನು ಎಲ್ಲಿತ್ತೋ ಅಲ್ಲೇ ತಳ್ಳಿದಳು.

ಮನೆಗೆ ಬಂದು ನನಗೆ ಎರಡು ಸಲ ಓದಿದಳು. “ನೀ ಸಮಿತ್ಯಾಗ ಅದಿಯಲ್ಲವ್ವ. ನೀ ಹೋಗಿ ಹೇಳು. ಹಿಂಗ ಬರದೈತಿ, ಹುಡುಗ್ಯಾರ್ನೂ ಕುಂದರಿಸಿಕೋರಿ ಅಂತ ಅಷ್ಟ ಹೇಳು.”

ಎರಡು ದಿನ ಅಳೆದೂ ಸುರಿದೂ ಮೂರನೆಯ ದಿನ ಹೋದೆ. ಹೆಡ್ ಮಾಸ್ತರರು ಒಬ್ಬರೇ ಇದ್ದರು. ಬಹಳ ಗೌರವದಿಂದ “ಬರ್ರಿ ಅಕ್ಕಾರ, ಕುಂದರ್ರಿ” ಎಂದರು. ನಾನು ಕೂರಲಿಲ್ಲ. ನಿಂತೇ, ಅವರ ಮೇಜಿನ ಕಾಲನ್ನು ನೋಡುತ್ತ ಹೇಳಿದೆ. “ಸರ್ರ, ಹುಡುಗ್ಯಾರಿಗೂ ಗಣಿತ ಹೇಳ್ರಿ. ಪಾಲಕರಿಗೆ ತಿಳಸಬೇಕಂತ ಕಾಗದ ಬಂದೈತಂತ.”

ಅವರಿಗೆ ಸಿಟ್ಟು ಬರಲಿಲ್ಲ. ಠರಾವಿನ ಪುಸ್ತಕ ತೆಗೆದು ಒಂದು ಹಾಳೆ ಬಿಡಿಸಿ ನನ್ನ ಕಡೆ ತಿರುಗಿಸಿದರು. “ತಿಳಿಸೇವಲ್ರಿ ಅಕ್ಕಾರ. ಓದ್ರಿ.”

ಪಾಲಕರ ಸಭೆ ಕರೆಯಲಾಯಿತು, ಸುತ್ತೋಲೆಯನ್ನು ಓದಿ ಎಲ್ಲರಿಗೂ ತಿಳಿಸಲಾಯಿತು, ಶಾಲೆಯಲ್ಲಿ ಯಾವ ಭೇದವೂ ಇಲ್ಲವೆಂದು ಪಾಲಕರು ಸಂತೋಷ ವ್ಯಕ್ತಪಡಿಸಿದರು, ಯಾವ ದೂರೂ ಬಂದಿಲ್ಲ ಎಂದು ಬರೆದಿತ್ತು. ಅದರ ಕೆಳಗೆ ಮುತ್ತು ಪೋಣಿಸಿದಂಥ ನನ್ನ ಹೆಸರು.

ಮೇಲಿನ ಸಾಲುಗಳು ಬಿಡಿಬಿಡಿಯಾಗಿ ದೊಡ್ಡ ಅಕ್ಷರದಲ್ಲಿದ್ದವು. ಕೆಳಗೆ ಬರುತ್ತ ಬರುತ್ತ ಅಕ್ಷರ ಸಣ್ಣವಾಗಿ, ಕಡೆಯ ಎರಡು ಸಾಲು ನನ್ನ ಸಹಿಯ ಮೇಲೆ ಒಂದರ ಮೈಮೇಲೊಂದು ಬಿದ್ದಿದ್ದವು. ಸಹಿ ಮೊದಲೇ ಇದ್ದು ಬರಹ ಆಮೇಲೆ ಬಂದರೆ ಮಾತ್ರ ಹಾಗಾಗುತ್ತದೆ. ಏಳನೆಯ ತರಗತಿ ಕಲಿತವಳಿಗೂ ಅದು ಕಂಡಿತು. ನಾನು ಬೆರಳಿಟ್ಟು ತೋರಿಸಬಹುದಿತ್ತು. “ಇಲ್ಲ ಅನ್ನೂದಾದ್ರ ನೀವು ಸುಳ್ಳಿಗೆ ಸಹಿ ಮಾಡೀರಿ ಅಂದಂಗಾತು, ಹೌದಲ್ರಿ?” ಎಂದು ಅವರೇ ನಗುತ್ತ ಪುಸ್ತಕ ಮುಚ್ಚಿದರು. “ಚಹಾ ತಗೋರಿ” ಎಂದೂ ಹೇಳಿದರು. ಆಗ ಒಬ್ಬ ಹುಡುಗಿ ಚಹಾ ತಂದು ನಿಂತಿದ್ದಳು.

ನಮ್ಮ ಮನೆಗೆ ಬೆನ್ನು ಹಚ್ಚಿದ ಮನೆಯಲ್ಲಿ ಒಬ್ಬ ಬೀಬಿ ಇದ್ದಳು. ಊರಿಗೆಲ್ಲ ಕುಪ್ಪಸ ಹೊಲಿಯುವಾಕೆ. ಆಕೆಯ ಗಂಡ ಸಂತೆಯಿಂದ ಸಂತೆಗೆ ಬಳೆ ಮಾರುತ್ತಿದ್ದ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ್ದರಿಂದ ನಾನು ಆಕೆಯನ್ನು ಆಪಾ ಎನ್ನುತ್ತಿದ್ದೆ. ಆಕೆಯ ಮಗಳೂ ಅದೇ ತರಗತಿಯಲ್ಲಿದ್ದಳು, ಆ ದಿನ ಬಾಗಿಲು ಕಾದವಳು ಅವಳೇ. ಎಲ್ಲವನ್ನೂ ಆಪಾಗೆ ಹೇಳಿ ಅತ್ತೆ. ಆಕೆ ಮಷಿನ್ನಿನ ಪೆಡಲ್ ತುಳಿಯುವುದನ್ನು ನಿಲ್ಲಿಸಲಿಲ್ಲ.

“ಸಭಾ ಆಗೇ ಇಲ್ಲಂದ್ರ ನಾವ ಮಾಡೂಣು. ಮನಿಮನಿಗೆ ಹೋಗಿ ಓದೂಣು, ತಾಲೂಕಿಗೆ ಒಂದು ದೂರು ಬರದು ಎಲ್ಲಾರ ಸಹಿ ಹಾಕಿಸೂಣು. ನೀ ಓದು, ಜಗಳಾ ನಾ ಮಾಡ್ತೀನಿ.”

ಹತ್ತನೆಯ ತರಗತಿಯಲ್ಲಿ ಹನ್ನೊಂದು ಹುಡುಗಿಯರಿದ್ದರು. ಮಧ್ಯಾಹ್ನ ಊಟವಾಗಿ ಹೆಂಗಸರು ಜೋಳ ಹಸನು ಮಾಡುತ್ತ ಕೂರುವ ಹೊತ್ತು ನೋಡಿ ಒಂದೊಂದೇ ಮನೆಗೆ ಹೋದೆವು. ಗಂಡ ಸತ್ತವಳು ಹಾಗೆ ಮನೆಮನೆ ಹೊಸ್ತಿಲು ತುಳಿಯುವುದು ಅಲ್ಲಿ ಸರಿಯಲ್ಲ. ನಾನು ಹೊಸ್ತಿಲ ಹೊರಗೇ ಕೂತು ರಫ್ ನೋಟು ಬಿಡಿಸಿ ಓದುತ್ತಿದ್ದೆ. ಮೊದಲ ಮನೆಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

“ಏನ್ ಓದಾಕತ್ತೀಯವಾ, ಸತ್ಯನಾರಾಯಣ ಕಥಿ ಇದ್ದಂಗೈತಿ, ಜೋರಾಗಿ ಓದು” ಎಂದು ಒಬ್ಬಾಕೆ ರೇಗಿಸಿದಳು. ಕೆಲಸ ಹಚ್ಚಬಾರದು ಎಂಬಲ್ಲಿಗೆ ಬಂದಾಗ ಅವಳೇ ಮೊರವನ್ನು ಕೆಳಗಿಟ್ಟು ನಕ್ಕಳು. “ಹುಡುಗ್ಯಾರು ಕಸ ಹೊಡಿಯೂದು ತಪ್ಪಂತ? ಸರಕಾರದವ್ರು ನಮ್ಮ ಅತ್ತಿಗೂ ಒಂದು ಕಾಗದ ಬರದು ಕಳಿಸಿದ್ರ ಛಲೋ ಆಗತಿತ್ತು ನೋಡು!” ಒಳಗಿಂದ ಅತ್ತೆ ಕೂಗಿದಳು. “ಕೇಳಸ್ತೈತಿ, ಕೇಳಸ್ತೈತಿ.”

ಎಲ್ಲ ಕಡೆಯೂ ಹೀಗೆ ನಗಲಿಲ್ಲ. ಒಂದು ಮನೆಯಲ್ಲಿ ಹುಡುಗಿಯ ತಾಯಿ ನನ್ನನ್ನು ಪೂರಾ ಓದಲು ಬಿಡಲಿಲ್ಲ. “ಏಳು ಗಂಟೇಕ ನನ್ನ ಮಗಳು ಹುಡುಗ್ರ ಜೋಡಿ ಸಾಲಿಯಿಂದ ಬಂದ್ರ ಮಂದಿ ಬಾಯಿಗೆ ನೀ ಕೈ ಅಡ್ಡ ಇಡ್ತೀಯೇನು? ನಿನ್ನ ಮಗಳಿಗೆ ಕಾಲೇಜು ಬೇಕು, ಅದಕ್ಕ ನಮ್ಮ ಹುಡುಗಿ ಹೆಸರು ಯಾಕ ಎತ್ತತಿ?” ಆಪಾ ತಾನು ಹೇಳಿದ ಹಾಗೆ ಜಗಳ ಮಾಡಿದಳು. “ಮುಂಜಾನಿ ತಗೋರಿ ಅಂತ ಬರಿಯಾಕತ್ತೀವಿ ತಂಗಿ, ಕತ್ತಲಾಗ ಅಲ್ಲ. ಬೆಳಕಿನ್ಯಾಗ ಹೋಗಿ ಬಂದ್ರೂ ಮಂದಿ ಬಾಯಿ ಬಿಡ್ತಾರೇನು?” ಮೂರು ದಿನ ತಿರುಗಿದ ಮೇಲೆ ನಮ್ಮಿಬ್ಬರನ್ನು ಬಿಟ್ಟು ಮೂವರು ಸಹಿ ಹಾಕಿದರು. ಅದರಲ್ಲಿ ಎರಡು ಹೆಬ್ಬೆಟ್ಟು. ನಾನು ಪ್ರತಿಯೊಬ್ಬರಿಗೂ ದೂರಿನ ಕಾಗದವನ್ನು ಓದಿಯೇ ಸಹಿ ಹಾಕಿಸಿದೆ. ಖಾಲಿ ಹಾಳೆಯ ರುಚಿ ನಾನು ಉಂಡಿದ್ದೆ.

ಯಲಬುರ್ಗಾಕ್ಕೆ ಬಸ್ಸಿನಲ್ಲಿ ನಾವಿಬ್ಬರೇ ಹೋದೆವು. ಶಿಕ್ಷಣ ಕಚೇರಿಯ ಗುಮಾಸ್ತ ಕಾಗದ ನೋಡಿದ. “ಸಭಾ ಆಗಿಲ್ಲ, ತಿಳಿಸಿಲ್ಲ ಅಂತ ಬರದೀರಿ. ನಮಗ ಬಂದ ವರದಿಯೊಳಗ ಆಗೇತಿ ಅಂತ ಐತಿ, ಸಮಿತಿಯವ್ರ ಸಹಿ ಐತಿ.” ಹೆಸರು ಓದಿದ. ನನ್ನ ಕಾಗದದ ಕೆಳಗಿನ ಹೆಸರನ್ನೂ ಓದಿದ. ಎರಡೂ ಒಂದೇ. ಪಕ್ಕದ ಮೇಜಿನವನಿಗೆ ತೋರಿಸಿದ. ಇಬ್ಬರೂ ನಕ್ಕರು. “ನೀವ ತಿಳಿಸೇವಿ ಅಂತೀರಿ, ನೀವ ತಿಳಿಸಿಲ್ಲ ಅಂತೀರಿ. ಯಾವುದು ಖರೇ ಅಕ್ಕಾರ?” ಆಪಾ ಸುಮ್ಮನಿರಲಿಲ್ಲ. “ಖಾಲಿ ಹಾಳಿ ಮ್ಯಾಲ ಮಾಡಿಸ್ಕೊಂಡಾರ್ರಿ ಸಾಹೇಬ್ರ” ಎಂದಳು. “ಖಾಲಿ ಹಾಳಿಗೆ ಮಾಡೂದು ಇವರ ತಪ್ಪಲ್ಲೇನ್ರಿ?” ಎಂದ. ಆದರೂ ಕಾಗದದ ಮೇಲೆ ಸಿಕ್ಕಾ ಹೊಡೆದು ಒಳಗೆ ಕಳಿಸಿದ. ಮತ್ತೊಮ್ಮೆ ಪಾಲಕರ ಸಭೆ ಕರೆದು, ಎಲ್ಲರ ಎದುರು ಓದಿ, ದೂರು ಇದ್ದರೆ ಅಲ್ಲೇ ಬರೆದುಕೊಳ್ಳಬೇಕು ಎಂದು ಮೇಲಿನ ಸಾಹೇಬರು ಹೆಡ್ ಮಾಸ್ತರರಿಗೆ ಆದೇಶ ಕಳಿಸಿದರು.

ಬಸ್ಸಿನಲ್ಲಿ ಬರುವಾಗ ಆಪಾ ಸೇಂಗಾ ಬಿಡಿಸಿ ನನ್ನ ಕೈಗೆ ಹಾಕುತ್ತ ಹೇಳಿದಳು. “ಸಭಾದೊಳಗ ನಾ ಎದ್ದು ನಿಲ್ತೀನಿ. ನೀ ಏನೂ ಭಾಷಣ ಮಾಡಬ್ಯಾಡ. ಹೌದು ಅನ್ನು. ಅಷ್ಟ ಸಾಕು.” ನಾನು ಹೂಂ ಎಂದೆ. ನಿಜವಾಗಿಯೂ ಹೂಂ ಎಂದಿದ್ದೆ.

ಸಭೆ ಶಾಲೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಆಯಿತು. ಗಂಡಸರಿಗೆ ಮುಂದೆ ಬೆಂಚು, ಹೆಂಗಸರಿಗೆ ಹಿಂದೆ ಜಮಖಾನೆ. ಹೆಡ್ ಮಾಸ್ತರರು ನನ್ನ ಭಾವನವರನ್ನು ತಾವೇ ಮನೆಗೆ ಬಂದು ಕರೆದಿದ್ದರು. “ತಂದಿ ಇಲ್ಲದ ಹುಡುಗಿ, ಪಾಲಕರು ನೀವ ಅಲ್ರಿ ಗೌಡ್ರ” ಎಂದಿದ್ದರು. ಮುಂದಿನ ಸಾಲಿನಲ್ಲಿ ನಡುವಿನ ಬೆಂಚಿನ ಮೇಲೆ ಅವರನ್ನು ಕೂರಿಸಿದ್ದರು. ನಮ್ಮ ಮನೆತನದ ರೂಢಿ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಬಂದು ಭಾವನವರ ಬೆನ್ನು ಕಂಡ ಕೂಡಲೇ ಸೆರಗನ್ನು ಮುಖದವರೆಗೆ ಎಳೆದುಕೊಂಡೆ.

ಹೆಡ್ ಮಾಸ್ತರರು ಸುತ್ತೋಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅವರ ದನಿ ಚೆನ್ನಾಗಿತ್ತು, ಒಂದು ಶಬ್ದವನ್ನೂ ಬಿಡಲಿಲ್ಲ. ಹುಡುಗಿಯರಿಗೇ ಎಂದು ಕೆಲಸ ಹಚ್ಚಬಾರದು ಎಂಬುದನ್ನು ಅವರು ಓದುವಾಗ ನಿಮ್ಮ ಅವ್ವ ಮತ್ತು ಆಪಾನ ಮಗಳು ಬೆಂಚುಗಳ ನಡುವೆ ಚಹಾದ ಟ್ರೇ ಹಿಡಿದು ತಿರುಗುತ್ತಿದ್ದರು. ಯಾರಿಗೂ ಏನೂ ಅನಿಸಲಿಲ್ಲ. ಗಂಡಸರು ಕಪ್ಪು ತೆಗೆದುಕೊಂಡರು.

“ಯಾರದರ ದೂರು ಇದ್ರ ಎದ್ದು ಹೇಳ್ರಿ” ಎಂದರು.

ಆಪಾ ಎದ್ದಳು. ಗಣಿತದ ತರಗತಿಯ ಮಾತು ಹೇಳಿದಳು, ಕಸದ ಮಾತು ಹೇಳಿದಳು, ಇದಕ್ಕೂ ಮೊದಲು ಸಭೆಯೇ ಆಗಿರಲಿಲ್ಲ ಎಂದೂ ಹೇಳಿದಳು. ಮುಂದಿನಿಂದ ಯಾರೋ “ಬೀಬಿಗೆ ಕುಪ್ಪಸದ ಅಳತಿ ಬಿಟ್ಟು ಸಾಲಿ ಅಳತಿನೂ ಗೊತ್ತಾಗತೈತಿ” ಎಂದ. ಕೆಲವರು ನಕ್ಕರು. “ನಿಮ್ಮ ಅಳತಿನೂ ಗೊತ್ತೈತಿ ಬಿಡ್ರಿ” ಎಂದಳು ಆಪಾ. ಹೆಂಗಸರು ಜೋರಾಗಿ ನಕ್ಕರು. ಒಂದು ಗಳಿಗೆ ಗಾಳಿ ನಮ್ಮ ಕಡೆ ಬೀಸಿದಂತಿತ್ತು.

ಹೆಡ್ ಮಾಸ್ತರರು ಕೈ ಎತ್ತಿದರು. “ಇವರು ಸಮಿತಿಯವರಲ್ಲ. ಸಭಾ ಆಗಿತ್ತೋ ಇಲ್ಲೋ ಹೇಳಬೇಕಾದವ್ರು ಸಮಿತಿ ಸದಸ್ಯರು. ಅಕ್ಕಾರ ಇಲ್ಲೇ ಅದಾರ. ಅವರ ಎದ್ದು ಹೇಳಲಿ. ಅವರು ಇಲ್ಲ ಅಂದ್ರ ನಾಳೆಯಿಂದ ಹುಡುಗ್ಯಾರಿಗೂ ಕ್ಲಾಸು.”

ಬೆಂಚುಗಳೆಲ್ಲ ತಿರುಗಿ ನೋಡಿದವು. ಭಾವನವರು ಮಾತ್ರ ತಿರುಗಲಿಲ್ಲ. ಅವರ ಬೆನ್ನು, ತಲೆಯ ಮೇಲಿನ ರುಮಾಲು, ಕುತ್ತಿಗೆಯ ಮೇಲೆ ಬೆವರಿನ ಒಂದು ಗೆರೆ, ಇಷ್ಟು ನನಗೆ ಕಾಣುತ್ತಿತ್ತು. ನಿಮ್ಮ ಅವ್ವ ಬೇವಿನ ಬೊಡ್ಡೆಯ ಪಕ್ಕ ಟ್ರೇ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಟ್ರೇಯ ಮೇಲೆ ಎರಡು ಕಪ್ಪು ಉಳಿದಿದ್ದವು. ಆಪಾ ಕೂರದೆ ನಿಂತೇ ಇದ್ದಳು. ಅವಳ ಕೈ ನನ್ನ ಭುಜದ ಮೇಲಿತ್ತು. ಆ ಕೈ ಮೊದಲು ತಟ್ಟಿತು, ಆಮೇಲೆ ಒತ್ತಿತು.

ನಾನು ಏಳಲಿಲ್ಲ. ಜಮಖಾನೆಯ ಒಂದು ದಾರ ಹಿಡಿದು ಬೆರಳಿಗೆ ಸುತ್ತುತ್ತಿದ್ದೆ. ಅದು ಕೆಂಪು ದಾರ.

“ಏನೂ ಹೇಳೂದಿಲ್ಲಂತ” ಎಂದರು ಹೆಡ್ ಮಾಸ್ತರರು. ಆಪಾನ ಕೈ ನನ್ನ ಭುಜದಿಂದ ಸರಿಯಿತು. ನಿಮ್ಮ ಅವ್ವ ಉಳಿದ ಎರಡು ಕಪ್ಪನ್ನು ಕೊಡಲು ಹೋದಳು.

ಮರುದಿನ ಅಡಿಗೆಯಾಕೆ ಪುಸ್ತಕ ತಂದಳು. ಈ ಸಲ ಹಾಳೆ ಖಾಲಿ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯ ಅಕ್ಷರ. ಸಭೆ ಕರೆಯಲಾಯಿತು, ಸುತ್ತೋಲೆ ಓದಲಾಯಿತು, ಸಮಿತಿಯ ಸದಸ್ಯೆಯನ್ನು ಕೇಳಲಾಗಿ ಅವರು ಯಾವ ದೂರನ್ನೂ ಹೇಳಲಿಲ್ಲ, ಆದ್ದರಿಂದ ತರಗತಿಯನ್ನು ಈಗಿರುವಂತೆಯೇ ಮುಂದುವರಿಸುವುದು. ನಾನು ಎರಡು ಸಲ ಓದಿದೆ. ಒಂದು ಮಾತೂ ಸುಳ್ಳಿರಲಿಲ್ಲ. ಕೈ ತೊಳೆಯದೆ ಹಿಟ್ಟಿನ ಬೆರಳಿನಲ್ಲೇ ಸಹಿ ಮಾಡಿದೆ. ಆಕೆ ಆ ದಿನ ಮುತ್ತಿನ ಮಾತು ಎತ್ತಲಿಲ್ಲ.

ನಿಮ್ಮ ಅವ್ವನಿಗೆ ಗಣಿತದಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದವು. ಉಳಿದದ್ದರಲ್ಲಿ ಎಲ್ಲದರಲ್ಲೂ ಪಾಸು. ಆಪಾನ ಮಗಳು ಪರೀಕ್ಷೆಗೇ ಕೂರಲಿಲ್ಲ, ಸಭೆಯ ಮಾತು ಊರೆಲ್ಲ ಆಯಿತೆಂದು ತಿಂಗಳಿಗೇ ಅವಳ ಅಪ್ಪ ಶಾಲೆ ಬಿಡಿಸಿದ್ದ. ಆಪಾ ನನ್ನ ಜೊತೆ ಮಾತು ಬಿಡಲಿಲ್ಲ. ಉಪ್ಪು, ಬೆಂಕಿಪೆಟ್ಟಿಗೆ ಕೊಡುವುದು ತರುವುದು ನಡೆದೇ ಇತ್ತು. ಆದರೆ ನನ್ನನ್ನು ರೇಗಿಸುವುದನ್ನು ಬಿಟ್ಟಳು. ಲಗ್ನಕ್ಕೆ ಮೊದಲು ನಿಮ್ಮ ಅವ್ವನಿಗೆ ಹೊಲಿಗೆ ಕಲಿಸಿದವಳು ಅವಳೇ. ಈಗ ನಿಮ್ಮ ಅವ್ವ ಅರ್ಧ ಗಂಗಾವತಿಯ ಮಕ್ಕಳಿಗೆ ಸಾಲೆಯ ಅಂಗಿ ಚಡ್ಡಿ ಹೊಲಿಯುತ್ತಾಳೆ. ನಲವತ್ತು ಮಕ್ಕಳಿಗೆ ಎಷ್ಟು ಬಟ್ಟೆ ಬೇಕೆಂದು ಪೆನ್ನು ಹಿಡಿಯದೆ ಹೇಳುತ್ತಾಳೆ, ಒಂದು ಗೇಣೂ ಉಳಿಯುವುದಿಲ್ಲ. ಅವಳು ಗಣಿತದಲ್ಲಿ ಫೇಲಾದವಳು.

ಲಗ್ನದ ಅಕ್ಕಿಕಾಳು ಬಿದ್ದ ಮೇಲೆ ಭಾವನವರು ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿರಬೇಕು. “ಅವತ್ತ ಸಭಾದಾಗ ನಿಮ್ಮವ್ವ ಮಾತಾಡಿದ್ರ ನಾ ಏನ್ ಬ್ಯಾಡ ಅಂತಿದ್ನೇನು? ಆಕಿನ ಏಳಲಿಲ್ಲ.” ಇಷ್ಟು ವರ್ಷ ಯಾವ ಗೋಡೆಯ ಹಿಂದೆ ನಿಂತಿದ್ದೆನೋ ಆ ಗೋಡೆಯನ್ನು ಹಿಡಿದುಕೊಂಡಿದ್ದವಳು ನಾನೊಬ್ಬಳೇ ಇದ್ದಿರಬಹುದು. ಇಲ್ಲವೇ ಎಲ್ಲ ಮುಗಿದ ಮೇಲೆ ಹಾಗೆ ಹೇಳುವುದು ಅವರಿಗೆ ಸುಲಭವಾಗಿತ್ತೋ ಏನೋ. ಯಾವುದೆಂದು ನನಗೆ ಇಂದಿಗೂ ತಿಳಿಯದು. ಯಾವುದಾದರೂ ನನಗೆ ಸಮಾಧಾನ ಇಲ್ಲ.

ಹೋದ ತಿಂಗಳು ಆ ದಿನ ನಿಮ್ಮ ಅವ್ವ ಹಾಳೆಯನ್ನು ಕಸಿದುಕೊಂಡು ಏನು ಮಾಡಿದಳು ನೆನಪಿದೆಯೇ? ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅವಳು ಕಟ್ಟೆಯ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದಳು. ದೂರು ಕೇಳುವವರ ಹೆಸರಿನ ಜಾಗ ಖಾಲಿ ಇತ್ತು. ಆ ಹೆಸರು ಬರೆಸಿಕೊಂಡು ಬಾ, ಆಮೇಲೆ ಸಹಿ ಮಾಡುತ್ತೇನೆ ಎಂದು ಹಾಳೆಯನ್ನು ಹಾಗೇ ವಾಪಸು ಕಳಿಸಿದಳು. ಮೊಮ್ಮಗಳೇ, ನೀನು ಸಿಟ್ಟು ಮಾಡಿಕೊಂಡು ಹೋದೆ, ಎಲ್ಲರೂ ಸಹಿ ಮಾಡಿಸಿ ತಂದಿರುತ್ತಾರೆ ಎಂದು. ನಾನು ಹಿತ್ತಲಿಂದ ಎಲ್ಲ ಕೇಳಿಸಿಕೊಂಡೆ. ನಿಮ್ಮ ಅವ್ವ ಹೆಸರಿಲ್ಲದ ಜಾಗವನ್ನು ನೋಡುವುದನ್ನು ನನ್ನ ಸಹಿಯಿಂದ ಕಲಿತಳು. ಅವಳಿಗೆ ನಾನು ಕಲಿಸಿದ್ದು ಅದೊಂದೇ.

ಫಲಿತಾಂಶದ ದಿನದ ಮಾತನ್ನು ತಪ್ಪಿಸಿಕೊಂಡು ಇಷ್ಟು ದೂರ ಬರೆದೆ. ಅದನ್ನೂ ಬರೆಯಬೇಕು. ಶಾಲೆಯ ಗೋಡೆಗೆ ಹಚ್ಚಿದ ಪಟ್ಟಿ ನೋಡಿಕೊಂಡು ಬಂದು ನಿಮ್ಮ ಅವ್ವ ಒಲೆಯ ಮುಂದೆ ಕೂತಳು. ಅಳಲಿಲ್ಲ. ಗಣಿತವೊಂದನ್ನೇ ಮತ್ತೆ ಕಟ್ಟಬಹುದು, ಭಾವನವರಿಗೆ ಹೇಳಿಸೋಣ ಎಂದೆ. “ಯಾರು ಹೇಳತಾರ?” ಎಂದಳು. ಹೇಳಬೇಕಾದವಳು ಅವಳೇ, ಯಾವಾಗಲೂ ಅವಳ ಮುಖಾಂತರವೇ ಅಲ್ಲವೇ ಎಂದು ನಾನು ಅವಳ ಮುಖ ನೋಡಿದೆ. ಅವಳು ಒಲೆಯಿಂದ ಒಂದು ಕಟ್ಟಿಗೆ ಹಿಂದಕ್ಕೆ ಎಳೆದಳು.

“ಅವತ್ತ ಸಭಾದಾಗ ನೀ ಮಾತಾಡೂದೂ ಬ್ಯಾಡಾಗಿತ್ತವ್ವ” ಎಂದಳು. “ಸುಮ್ನ ಎದ್ದು ನಿಂತಿದ್ರ ಸಾಕಿತ್ತು.”